‘ಸಕ್ಸೀಡ್’ ಕ್ರಿಯಾಪದ: ಅರ್ಥ, ಬಳಕೆ, ತಪ್ಪಿಲ್ಲದೆ ಬರೆಯುವ ದಾರಿ

‘ಹೀ ಸಕ್ಸೀಡೆಡ್ ಹಿಸ್ ಫಾದರ್.’

ಈ ನಾಲ್ಕು ಪದಗಳ ವಾಕ್ಯವನ್ನು ಕನ್ನಡಕ್ಕೆ ತನ್ನಿ, ನೋಡೋಣ. ಇಂಗ್ಲಿಷ್ ಕಲಿಯಲು ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ‘ಅವನು ಅಪ್ಪನನ್ನು ಗೆದ್ದ’ ಎಂದು ಕೆಲವರು ಹೇಳುತ್ತಾರೆ. ‘ಅಪ್ಪನನ್ನು ಒಪ್ಪಿಸಿದ’ ಎಂದು ಇನ್ನು ಕೆಲವರು. ಎರಡೂ ತಪ್ಪು. ಅಪ್ಪನ ನಂತರ ಅಪ್ಪನ ಜಾಗಕ್ಕೆ ಅವನು ಬಂದ, ಅಷ್ಟೇ. ಇಲ್ಲಿ ಗೆಲುವಿನ ಮಾತೇ ಇಲ್ಲ.

ಹಾಗಾದರೆ ‘ಸಕ್ಸೀಡ್’ ಅಂದರೆ ಯಶಸ್ವಿಯಾಗು ಅಂತ ಕಲಿತಿದ್ದೆವಲ್ಲ? ಅದೂ ಸರಿಯೇ. ಈ ಪದಕ್ಕೆ ಎರಡು ಅರ್ಥಗಳಿವೆ: ಯಶಸ್ವಿಯಾಗು, ಒಬ್ಬರ ನಂತರ ಬರು. ಯಾವಾಗ ಯಾವುದು ಎಂದು ಪದವನ್ನು ನೋಡಿದರೆ ಗೊತ್ತಾಗುವುದಿಲ್ಲ. ಪದದ ಪಕ್ಕದಲ್ಲಿ ಏನಿದೆ ಎಂದು ನೋಡಬೇಕು. ಈ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲ ಇದೆ. ನಮ್ಮ ‘ಅಲ್ಲಿ’, ‘ಆಗಿ’, ‘ಕ್ಕೆ’ ಎಂಬ ಮೂರು ಪ್ರತ್ಯಯಗಳು ‘ಸಕ್ಸೀಡ್’ ಜೊತೆ ಬರುವ ‘ಇನ್’, ‘ಆ್ಯಸ್’, ‘ಟು’ಗಳಿಗೆ ಬಹಳ ಮಟ್ಟಿಗೆ ಹೊಂದುತ್ತವೆ. ಈ ಹೊಂದಾಣಿಕೆ ಕೈಗೆ ಸಿಕ್ಕಿದರೆ ಮುಕ್ಕಾಲು ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ಒಂದೊಂದೇ ಹೆಜ್ಜೆ ಇಡೋಣ.

ಹೆಜ್ಜೆ 1: ಮೊದಲು ಬಾಯಿಗೆ, ಆಮೇಲೆ ಕೈಗೆ

ಉಚ್ಚಾರಣೆ ‘ಸಕ್-ಸೀಡ್’. ಒತ್ತು ಎರಡನೆಯ ಭಾಗದ ಮೇಲೆ, ‘ಸೀಡ್’ ಮೇಲೆ. ಮೊದಲ ‘ಸ’ವನ್ನು ಹಗುರಾಗಿ ಹೇಳಿ.

ಕೆಲವರು ಮಧ್ಯದ ‘ಕ್’ ಬಿಟ್ಟು ‘ಸಸೀಡ್’ ಅನ್ನುತ್ತಾರೆ. ಇದು ಬರೀ ಉಚ್ಚಾರದ ದೋಷ ಅಂದುಕೊಳ್ಳಬೇಡಿ. ಕೇಳುವವರಿಗೆ ಅದು ‘ಸಿಸೀಡ್’ ಎಂಬ ಬೇರೆಯೇ ಪದದಂತೆ ಕೇಳಿಸಬಹುದು. ‘ಸಿಸೀಡ್’ ಅಂದರೆ ಒಂದು ಒಕ್ಕೂಟವನ್ನು ಬಿಟ್ಟು ಹೊರಬರುವುದು. 1860ರ ಡಿಸೆಂಬರ್‌ನಲ್ಲಿ ಸೌತ್ ಕ್ಯಾರೊಲೈನಾ ರಾಜ್ಯ ಅಮೆರಿಕದ ಒಕ್ಕೂಟದಿಂದ ಹೊರಬಂದದ್ದಕ್ಕೆ ಬಳಸುವುದು ಈ ಪದವನ್ನೇ. ಹಾಗಾಗಿ ‘ಕ್’ ಸ್ಪಷ್ಟವಾಗಿ ಬರಲಿ.

ಕಾಗುಣಿತದಲ್ಲಿ ಎರಡು ‘ಸಿ’, ಎರಡು ‘ಇ’ ಇವೆ: ಎಸ್, ಯು, ಸಿ, ಸಿ, ಇ, ಇ, ಡಿ. ಎರಡು ‘ಸಿ’ಗಳ ಪಕ್ಕದಲ್ಲಿ ‘ಇ’ ಅಥವಾ ‘ಐ’ ಬಂದಾಗ ಸಾಮಾನ್ಯವಾಗಿ ಮೊದಲನೆಯದು ‘ಕ್’, ಎರಡನೆಯದು ‘ಸ್’ ಆಗುತ್ತದೆ. ‘ಆ್ಯಕ್ಸಿಡೆಂಟ್’, ‘ಆ್ಯಕ್ಸೆಪ್ಟ್’, ‘ವ್ಯಾಕ್ಸೀನ್’ ಕೂಡ ಹೀಗೆಯೇ. ಭೂತಕಾಲ ‘ಸಕ್ಸೀಡೆಡ್’. ಇದರಲ್ಲಿ ಮೂರು ಉಸಿರು ಬೇಕು: ಸಕ್-ಸೀ-ಡೆಡ್. ಕೊನೆಯ ‘ಡೆಡ್’ ನುಂಗಬೇಡಿ.

‘ಸೀಡ್’ ಎಂಬ ದನಿಯಲ್ಲಿ ಮುಗಿಯುವ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹಲವು ಇವೆ. ಈ ಗುಂಪಿನಲ್ಲಿ ‘ಸಿ-ಇ-ಇ-ಡಿ’ ಎಂದು ಬರೆಯುವುದು ಮೂರನ್ನು ಮಾತ್ರ: ಸಕ್ಸೀಡ್, ಪ್ರೊಸೀಡ್, ಎಕ್ಸೀಡ್. ‘ಪ್ರಿಸೀಡ್’, ‘ರಿಸೀಡ್’, ‘ಕನ್ಸೀಡ್’, ‘ಇಂಟರ್‌ಸೀಡ್’ ಎಲ್ಲಕ್ಕೂ ‘ಸಿ-ಇ-ಡಿ-ಇ’. ‘ಸೂಪರ್‌ಸೀಡ್’ ಒಂದಕ್ಕೆ ಮಾತ್ರ ‘ಎಸ್-ಇ-ಡಿ-ಇ’. ಮೂರರ ಹೆಸರನ್ನು ಬಾಯಿಪಾಠ ಮಾಡಿದರೆ ಸಾಕು, ಉಳಿದವು ತಂತಾನೇ ಬೇರೆಯಾಗುತ್ತವೆ.

ನನಗೆ ತುಂಬಾ ಇಷ್ಟವಾದ ಜೋಡಿಗಳು ಇಲ್ಲಿವೆ. ‘ಸಕ್ಸೀಡ್’ನಿಂದ ‘ಸಕ್ಸೆಸ್’, ‘ಪ್ರೊಸೀಡ್’ನಿಂದ ‘ಪ್ರೊಸೆಸ್’, ‘ಎಕ್ಸೀಡ್’ನಿಂದ ‘ಎಕ್ಸೆಸ್’, ‘ರಿಸೀಡ್’ನಿಂದ ‘ರಿಸೆಸ್’. ಕ್ರಿಯಾಪದದಲ್ಲಿ ಕೊನೆಗೆ ‘ಡ್’, ನಾಮಪದದಲ್ಲಿ ಎರಡು ‘ಎಸ್’. ಇದನ್ನು ನೆನಪಿಟ್ಟರೆ ‘ಐ ವಿಲ್ ಸಕ್ಸೆಸ್’ ಎಂಬ ತಪ್ಪು ಬಾಯಿಗೆ ಬರುವುದೇ ಇಲ್ಲ.

ಹೆಜ್ಜೆ 2: ಎರಡು ಅರ್ಥಗಳು ಒಂದೇ ಬೇರಿನಿಂದ ಬಂದವು

ಲ್ಯಾಟಿನ್‌ನಲ್ಲಿ ‘ಸುಬ್’ ಅಂದರೆ ಕೆಳಗೆ, ಹತ್ತಿರ, ಹಿಂದೆಯೇ ಎಂಬ ಅರ್ಥಗಳಿವೆ. ‘ಕೇದೆರೆ’ ಅಂದರೆ ಹೋಗು. ಎರಡೂ ಸೇರಿ ‘ಸುಕ್ಕೇದೆರೆ’ ಆಯಿತು, ಹಿಂದೆಯೇ ಬರು ಎಂದು ಅರ್ಥ. ಫ್ರೆಂಚ್ ದಾಟಿಕೊಂಡು ಈ ಪದ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಸೇರಿತು.

ಹಾಗಾಗಿ ‘ನಂತರ ಬರು’ ಎಂಬುದೇ ಹಳೆಯ ಅರ್ಥ. ಯಶಸ್ಸು ಎಲ್ಲಿಂದ ಬಂತು? ಒಂದು ಕೆಲಸ ಮಾಡುತ್ತೇವೆ. ಅದರ ಹಿಂದೆಯೇ ಏನೋ ಒಂದು ಬರುತ್ತದೆ, ಒಳ್ಳೆಯದೋ ಕೆಟ್ಟದ್ದೋ. ಹೀಗೆ ಹಿಂದೆ ಬಂದದ್ದಕ್ಕೆ ಹಿಂದಿನ ಇಂಗ್ಲಿಷಿನಲ್ಲಿ ‘ಸಕ್ಸೆಸ್’ ಅನ್ನುತ್ತಿದ್ದರು. ಅದಕ್ಕೇ ‘ಒಳ್ಳೆಯ ಸಕ್ಸೆಸ್’, ‘ಕೆಟ್ಟ ಸಕ್ಸೆಸ್’ ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್ ಅನುವಾದದಲ್ಲಿ ‘ಗುಡ್ ಸಕ್ಸೆಸ್’ ಎಂಬ ಮಾತೇ ಇದೆ. ಕಾಲ ಕಳೆದಂತೆ ‘ಗುಡ್’ ಉದುರಿತು, ಒಳ್ಳೆಯ ಅರ್ಥ ಮಾತ್ರ ಉಳಿಯಿತು.

ಕನ್ನಡದ ‘ಫಲ’ವೂ ಇದೇ ದಾರಿ ಹಿಡಿದಿದೆ, ಗಮನಿಸಿದ್ದೀರಾ? ಫಲ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಆದರೆ ‘ಪ್ರಯತ್ನ ಫಲಿಸಿತು’ ಅಂದಕೂಡಲೇ ಅದು ಒಳ್ಳೆಯದೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಈ ಹೋಲಿಕೆ ಹೇಳಿದ ಮೇಲೆ ಎರಡು ಅರ್ಥಗಳನ್ನು ಮರೆತವರನ್ನು ನಾನು ನೋಡಿಲ್ಲ.

ಹೆಜ್ಜೆ 3: ಪಕ್ಕದ ಪದ ನೋಡಿ ಅರ್ಥ ಹಿಡಿಯಿರಿ

ವಾಕ್ಯದಲ್ಲಿ ‘ಸಕ್ಸೀಡ್’ ಕಂಡ ತಕ್ಷಣ ಅದರ ಮುಂದೆ ಏನಿದೆ ನೋಡಿ.

ಮುಂದೆ ಏನೂ ಇಲ್ಲ, ಅಥವಾ ‘ಇನ್’, ‘ಅಟ್’, ‘ಆ್ಯಸ್’ ಇದೆ ಅಂದರೆ ಅರ್ಥ ಯಶಸ್ವಿಯಾಗು.

ಮುಂದೆ ನೇರವಾಗಿ ಒಬ್ಬ ವ್ಯಕ್ತಿ ಅಥವಾ ಒಂದು ವಸ್ತು ಇದೆ ಅಂದರೆ ಅರ್ಥ ನಂತರ ಬರು.

ಮುಂದೆ ‘ಟು’ ಇದ್ದು, ಅದರಾಚೆ ಸಿಂಹಾಸನ, ಪದವಿ, ಬಿರುದು, ಆಸ್ತಿ ಇಂಥದ್ದು ಇದ್ದರೆ ಅರ್ಥ ಹಕ್ಕಿನಿಂದ ಪಡೆ, ಪಟ್ಟಕ್ಕೆ ಬರು.

‘ಐ ಸಕ್ಸೀಡೆಡ್ ದಿ ಎಕ್ಸಾಮ್’ ಎಂದು ಬರೆದರೆ ಏನಾಗುತ್ತದೆ ಎಂಬುದು ಈಗ ಗೊತ್ತಾಯಿತಲ್ವಾ? ‘ಪರೀಕ್ಷೆಯ ನಂತರ ಅದರ ಜಾಗಕ್ಕೆ ನಾನು ಬಂದೆ’ ಎಂದಾಗುತ್ತದೆ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ‘ಪಾಸ್’ ಎಂಬ ಸರಳ ಪದವೇ ಸರಿ: ‘ಐ ಪಾಸ್ಡ್ ದಿ ಎಕ್ಸಾಮ್.’ ಕನ್ನಡದಲ್ಲೂ ನಾವು ಪಾಸಾದೆ ಅನ್ನುವುದೇ ಜಾಸ್ತಿ.

ಹೆಜ್ಜೆ 4: ‘ಉವಲ್ಲಿ’ ಅಂದರೆ ‘ಇನ್’ ಜೊತೆ ‘ಇಂಗ್’

ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲೇ.

‘ಹೀ ಸಕ್ಸೀಡೆಡ್ ಟು ಓಪನ್ ದಿ ಡೋರ್’ ತಪ್ಪು. ‘ಹೀ ಸಕ್ಸೀಡೆಡ್ ಇನ್ ಓಪನಿಂಗ್ ದಿ ಡೋರ್’ ಸರಿ.

ಈ ತಪ್ಪಿಗೆ ಕಾರಣ ಊಹಿಸುವುದು ಕಷ್ಟವೇನಲ್ಲ. ‘ಟ್ರೈ ಟು’, ‘ವಾಂಟ್ ಟು’, ‘ಮ್ಯಾನೇಜ್ ಟು’, ‘ಫೇಲ್ ಟು’ ಎಂದು ಕಲಿತ ನಾಲಿಗೆ ‘ಸಕ್ಸೀಡ್’ ಬಂದಾಗಲೂ ‘ಟು’ ಹಾಕಿಬಿಡುತ್ತದೆ. ‘ತೆರೆಯಲು ಸಾಧ್ಯವಾಯಿತು’ ಎಂಬ ಕನ್ನಡದ ‘ಲು’ ಕೂಡ ಅದೇ ಕಡೆಗೆ ಎಳೆಯುತ್ತದೆ.

ಆದರೆ ಮದ್ದೂ ಕನ್ನಡದಲ್ಲೇ ಇದೆ. ಸುದ್ದಿಗಳಲ್ಲಿ ದಿನಾ ಓದುವ ಒಂದು ವಾಕ್ಯ ನೆನಪಿಸಿಕೊಳ್ಳಿ: ‘ಆರೋಪಿಯನ್ನು ಬಂಧಿಸುವಲ್ಲಿ ಪೊಲೀಸರು ಯಶಸ್ವಿಯಾಗಿದ್ದಾರೆ.’ ಈ ‘ಬಂಧಿಸುವಲ್ಲಿ’ ಎಂಬ ಒಂದು ಪದವನ್ನು ಬಿಡಿಸಿ. ‘ಬಂಧಿಸುವ’ ಅಂದರೆ ‘ಅರೆಸ್ಟಿಂಗ್’. ‘ಅಲ್ಲಿ’ ಅಂದರೆ ‘ಇನ್’. ಇಂಗ್ಲಿಷಿನಲ್ಲಿ ‘ಇನ್’ ಮುಂದಕ್ಕೆ ಹೋಗುತ್ತದೆ: ‘ದಿ ಪೊಲೀಸ್ ಹ್ಯಾವ್ ಸಕ್ಸೀಡೆಡ್ ಇನ್ ಅರೆಸ್ಟಿಂಗ್ ದಿ ಸಸ್ಪೆಕ್ಟ್.’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ!

ಹಾಗಾಗಿ ಬರೆಯುವ ಮುಂಚೆ ಮನಸ್ಸಿನಲ್ಲಿ ‘ಉವಲ್ಲಿ’ ಅಥವಾ ‘ಉವುದರಲ್ಲಿ’ ಹಾಕಿ ಕನ್ನಡ ವಾಕ್ಯ ಹೇಳಿಕೊಳ್ಳಿ. ಹತ್ತುವಲ್ಲಿ: ‘ಇನ್ ಕ್ಲೈಂಬಿಂಗ್’. ಹುಡುಕುವಲ್ಲಿ: ‘ಇನ್ ಫೈಂಡಿಂಗ್’. ಒಪ್ಪಿಸುವಲ್ಲಿ: ‘ಇನ್ ಪರ್ಸುಯೇಡಿಂಗ್’.

ಮೂರು ನಿಜವಾದ ಘಟನೆಗಳ ಮೇಲೆ ಪ್ರಯೋಗ ಮಾಡೋಣ.

1953ರ ಮೇ 29ರಂದು ಹಿಲರಿ ಮತ್ತು ತೇನ್ಸಿಂಗ್ ಎವರೆಸ್ಟ್ ಹತ್ತುವಲ್ಲಿ ಯಶಸ್ವಿಯಾದರು: ‘ಹಿಲರಿ ಆ್ಯಂಡ್ ತೇನ್ಸಿಂಗ್ ಸಕ್ಸೀಡೆಡ್ ಇನ್ ಕ್ಲೈಂಬಿಂಗ್ ಎವರೆಸ್ಟ್.’

1903ರ ಡಿಸೆಂಬರ್ 14ರಂದು ರೈಟ್ ಸಹೋದರರ ವಿಮಾನ ಮೇಲೇಳುತ್ತಲೇ ಕೆಳಗಿಳಿದು ಸ್ವಲ್ಪ ಮುರಿಯಿತು. ಮೂರು ದಿನ ಬಿಟ್ಟು, 17ರಂದು, ಮೊದಲ ಸಲಕ್ಕೆ 12 ಸೆಕೆಂಡ್ ಹಾರಿದರು: ‘ದೇ ಡಿಡ್ ನಾಟ್ ಸಕ್ಸೀಡ್ ಆನ್ ದಿ ಫೋರ್ಟೀಂತ್, ಬಟ್ ಥ್ರೀ ಡೇಸ್ ಲೇಟರ್ ದೇ ಸಕ್ಸೀಡೆಡ್ ಇನ್ ಫ್ಲೈಯಿಂಗ್.’

1970ರಲ್ಲಿ ಅಪೋಲೊ 13ರ ಮೂವರು ಗಗನಯಾನಿಗಳಿಗೆ ಚಂದ್ರನ ಮೇಲೆ ಇಳಿಯಲಾಗಲಿಲ್ಲ. ಆದರೆ ಜೀವಸಹಿತ ಮನೆಗೆ ಮರಳಿದರು: ‘ದೇ ಡಿಡ್ ನಾಟ್ ಸಕ್ಸೀಡ್ ಇನ್ ಲ್ಯಾಂಡಿಂಗ್ ಆನ್ ದಿ ಮೂನ್, ಬಟ್ ದೇ ಸಕ್ಸೀಡೆಡ್ ಇನ್ ಗೆಟಿಂಗ್ ಹೋಮ್.’

ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ‘ಐ ವಾಂಟ್ ಟು ಸಕ್ಸೀಡ್’ ಸರಿ. ಅಲ್ಲಿ ‘ಟು’ ಹಿಂದೆ ಇದೆ, ಅದು ‘ವಾಂಟ್’ಗೆ ಸೇರಿದ್ದು. ‘ಹರ್ ಅಟೆಂಪ್ಟ್ ಟು ಓಪನ್ ದಿ ಡೋರ್ ಸಕ್ಸೀಡೆಡ್’ ಕೂಡ ಸರಿ. ಅಲ್ಲಿ ‘ಟು ಓಪನ್’ ಎಂಬುದು ‘ಅಟೆಂಪ್ಟ್’ಗೆ ಅಂಟಿಕೊಂಡಿದೆ. ‘ಸಕ್ಸೀಡ್’ ಆದಮೇಲೆ ‘ಟು’ ಹಾಕಿ ಕ್ರಿಯಾಪದ ಇಟ್ಟರೆ ಮಾತ್ರ ತಪ್ಪು.

ಇದೇ ನಿಯಮ ‘ಸಕ್ಸೆಸ್‌ಫುಲ್’ಗೂ ಅನ್ವಯಿಸುತ್ತದೆ. ‘ಶಿ ವಾಸ್ ಸಕ್ಸೆಸ್‌ಫುಲ್ ಇನ್ ಗೆಟಿಂಗ್ ದಿ ಜಾಬ್’ ಎಂದು ಹೇಳಿ. ‘ಸಕ್ಸೆಸ್‌ಫುಲ್ ಟು ಗೆಟ್’ ಬೇಡ.

ಹೆಜ್ಜೆ 5: ‘ಇನ್’, ‘ಅಟ್’, ‘ಆ್ಯಸ್’ ಮುಂದೆ ನಾಮಪದ

ಕ್ಷೇತ್ರ ಹೇಳುವಾಗ ‘ಇನ್’: ‘ಸಕ್ಸೀಡ್ ಇನ್ ಬಿಸಿನೆಸ್’, ‘ಇನ್ ಪಾಲಿಟಿಕ್ಸ್’, ‘ಇನ್ ಲೈಫ್’. ಮಾಡುವ ಕೆಲಸ ಅಥವಾ ಕೌಶಲ ಹೇಳುವಾಗ ‘ಅಟ್’: ‘ಶಿ ಸಕ್ಸೀಡ್ಸ್ ಅಟ್ ಎವ್ರಿಥಿಂಗ್ ಶಿ ಡಸ್.’ ಇವೆರಡರ ಗಡಿ ಅಷ್ಟೇನೂ ಬಿಗಿ ಇಲ್ಲ. ಅನುಮಾನ ಬಂದರೆ ‘ಇನ್’ ಹಾಕಿ, ಸಾಮಾನ್ಯವಾಗಿ ಕೆಟ್ಟು ಕೇಳಿಸುವುದಿಲ್ಲ.

ಪಾತ್ರ ಅಥವಾ ವೃತ್ತಿ ಹೇಳುವಾಗ ‘ಆ್ಯಸ್’. ಕನ್ನಡದ ‘ಆಗಿ’ ನೇರವಾಗಿ ಇದಕ್ಕೆ ಹೊಂದುತ್ತದೆ. ‘ಗಾಯಕಿಯಾಗಿ ಯಶಸ್ವಿಯಾದಳು’ ಅಂದರೆ ‘ಶಿ ಸಕ್ಸೀಡೆಡ್ ಆ್ಯಸ್ ಎ ಸಿಂಗರ್.’ ಆ ‘ಎ’ ಬಿಟ್ಟುಹೋಗದಿರಲಿ.

ಹೆಜ್ಜೆ 6: ಕರ್ತೃ ಯಾರು? ಕರ್ಮಣಿ ಯಾಕೆ ಬೇಡ?

ಯಶಸ್ವಿಯಾಗುವುದು ಮನುಷ್ಯರಷ್ಟೇ ಆಗಬೇಕಿಲ್ಲ. ಯೋಜನೆ, ಪ್ರಯತ್ನ, ಚಿಕಿತ್ಸೆ, ಮಾತುಕತೆ ಎಲ್ಲವೂ ‘ಸಕ್ಸೀಡ್’ ಆಗಬಹುದು: ‘ದಿ ಪ್ಲಾನ್ ಸಕ್ಸೀಡೆಡ್.’ ಕನ್ನಡದಲ್ಲಿ ಇಂಥ ಕಡೆ ಯೋಜನೆ ಕೈಗೂಡಿತು, ಪ್ರಯತ್ನ ಫಲಿಸಿತು ಎನ್ನುತ್ತೇವೆ. ಅನುವಾದ ಮಾಡುವವರಿಗೆ ನನ್ನ ಕೋರಿಕೆ ಏನೆಂದರೆ, ಎಲ್ಲ ಕಡೆ ‘ಯಶಸ್ವಿಯಾಯಿತು’ ಹಾಕಬೇಡಿ. ಕೈಗೂಡು, ಫಲಿಸು, ಈಡೇರು, ಗೆಲ್ಲು, ಸಾಧಿಸು ಎಂಬ ಜೀವಂತ ಪದಗಳು ನಮ್ಮಲ್ಲಿವೆ.

ಈಗ ಕರ್ಮಣಿಯ ವಿಷಯ. ‘ದಿ ವರ್ಕ್ ವಾಸ್ ಸಕ್ಸೀಡೆಡ್’ ಎಂದು ಬರೆಯುವವರು ಬಹಳ. ‘ಕೆಲಸ ಯಶಸ್ವಿಯಾಯಿತು’ ಎಂಬುದರಲ್ಲಿನ ‘ಆಯಿತು’ ಅವರನ್ನು ‘ವಾಸ್’ ಕಡೆಗೆ ತಳ್ಳುತ್ತದೆ. ಗೆಲುವಿನ ಅರ್ಥದಲ್ಲಿ ಈ ಕ್ರಿಯಾಪದಕ್ಕೆ ಕರ್ಮವೇ ಇಲ್ಲ, ಆದ್ದರಿಂದ ಕರ್ಮಣಿಯೂ ಇಲ್ಲ. ‘ದಿ ವರ್ಕ್ ಸಕ್ಸೀಡೆಡ್’ ಅಥವಾ ‘ದಿ ವರ್ಕ್ ವಾಸ್ ಸಕ್ಸೆಸ್‌ಫುಲ್’ ಎನ್ನಿ. ‘ದಿ ಪ್ರಾಜೆಕ್ಟ್ ವಾಸ್ ಸಕ್ಸೀಡೆಡ್ ಬೈ ಅವರ್ ಟೀಮ್’ ಎಂದು ವರದಿಯಲ್ಲಿ ಬರೆದರೆ, ಪ್ರಾಜೆಕ್ಟ್ ಮುಗಿದ ಮೇಲೆ ಅದರ ಜಾಗಕ್ಕೆ ನಿಮ್ಮ ತಂಡ ಬಂತು ಎಂಬ ಅರ್ಥ ಬರುತ್ತದೆ.

ಹೆಜ್ಜೆ 7: ಉತ್ತರಾಧಿಕಾರದ ‘ಸಕ್ಸೀಡ್’

ಈ ಅರ್ಥವನ್ನು ಕಲಿಯಲು ಬ್ರಿಟನ್ನಿನ ರಾಜಮನೆತನಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. 1936ರಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ. ಅವನ ತಮ್ಮ ಆರನೇ ಜಾರ್ಜ್ ಪಟ್ಟಕ್ಕೆ ಬಂದ. 1952ರ ಫೆಬ್ರವರಿ 6ರಂದು ಜಾರ್ಜ್ ತೀರಿಕೊಂಡಾಗ ಮಗಳು ಎರಡನೇ ಎಲಿಜಬೆತ್ ರಾಣಿಯಾದರು. 2022ರ ಸೆಪ್ಟೆಂಬರ್ 8ರಂದು ಎಲಿಜಬೆತ್ ನಿಧನರಾದರು, ಮಗ ಮೂರನೇ ಚಾರ್ಲ್ಸ್ ರಾಜರಾದರು. ಇಷ್ಟು ಸಂಗತಿಯನ್ನು ಮೂರು ರೀತಿಯಲ್ಲಿ ಹೇಳಬಹುದು.

ಹೊಸಬರಿಂದ ಶುರುಮಾಡಿದರೆ: ‘ಎಲಿಜಬೆತ್ ಸಕ್ಸೀಡೆಡ್ ಹರ್ ಫಾದರ್ ಇನ್ 1952.’ ಇಲ್ಲಿ ಕನ್ನಡ ದಾರಿ ತಪ್ಪಿಸುತ್ತದೆ, ಹುಷಾರು. ನಾವು ‘ತಂದೆಯ ನಂತರ’ ಅನ್ನುತ್ತೇವೆ. ಅದಕ್ಕೇ ‘ಸಕ್ಸೀಡೆಡ್ ಆಫ್ಟರ್ ಹರ್ ಫಾದರ್’ ಎಂದು ಬರೆಯುವ ಆಸೆಯಾಗುತ್ತದೆ. ‘ನಂತರ’ ಎಂಬುದು ಕ್ರಿಯಾಪದದ ಹೊಟ್ಟೆಯೊಳಗೇ ಇದೆ. ಮತ್ತೆ ‘ಆಫ್ಟರ್’ ಬೇಡ.

ಹಳಬರಿಂದ ಶುರುಮಾಡಿದರೆ: ‘ಜಾರ್ಜ್ ವಾಸ್ ಸಕ್ಸೀಡೆಡ್ ಬೈ ಹಿಸ್ ಡಾಟರ್.’ ಈ ಅರ್ಥದಲ್ಲಿ ಕರ್ಮಣಿ ಸಲೀಸಾಗಿ ಬರುತ್ತದೆ. ಓದುವಾಗ ‘ವಾಸ್ ಸಕ್ಸೀಡೆಡ್ ಬೈ’ ಕಂಡರೆ ‘ಇವರ ಜಾಗಕ್ಕೆ ಅವರು ಬಂದರು’ ಎಂದು ಕಣ್ಣುಮುಚ್ಚಿ ಅರ್ಥ ಮಾಡಿಕೊಳ್ಳಬಹುದು. ಯಾರು ಮೊದಲು, ಯಾರು ಆಮೇಲೆ ಎಂಬುದು ತಲೆಕೆಳಗಾಗದಂತೆ ನೋಡಿಕೊಳ್ಳಿ, ಅಷ್ಟೇ. ‘ಬೈ’ ಆದಮೇಲೆ ಇರುವವರೇ ಹೊಸಬರು.

ಪದವಿಯನ್ನು ಹೇಳಿದರೆ: ‘ಚಾರ್ಲ್ಸ್ ಸಕ್ಸೀಡೆಡ್ ಟು ದಿ ಥ್ರೋನ್ ಇನ್ 2022.’ ಕನ್ನಡದ ‘ಪಟ್ಟಕ್ಕೆ ಬಂದರು’ ನೆನಪಿಸಿಕೊಳ್ಳಿ. ಆ ‘ಕ್ಕೆ’ ಇದೆಯಲ್ಲ, ಅದೇ ಈ ‘ಟು’.

ರಾಜರಷ್ಟೇ ಅಲ್ಲ, ಅಧ್ಯಕ್ಷರು, ಮ್ಯಾನೇಜರ್, ಕ್ಯಾಪ್ಟನ್ ಯಾರಿಗೂ ಇದು ಹೊಂದುತ್ತದೆ. ಹುದ್ದೆ ಸೇರಿಸಲು ‘ಆ್ಯಸ್’ ಬಳಸಿ: ‘ಟ್ರೂಮನ್ ಸಕ್ಸೀಡೆಡ್ ರೂಸ್‌ವೆಲ್ಟ್ ಆ್ಯಸ್ ಪ್ರೆಸಿಡೆಂಟ್ ಇನ್ 1945.’ ಒಬ್ಬರೇ ಇರುವ ಹುದ್ದೆಯಾದ್ದರಿಂದ ಇಲ್ಲಿ ‘ಎ’ ಬೇಡ. ಐದನೇ ಹೆಜ್ಜೆಯ ‘ಆ್ಯಸ್ ಎ ಸಿಂಗರ್’ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಪಟ್ಟಕ್ಕೆ ಬರುವ ಸಾಲಿಗೆ ‘ಲೈನ್ ಆಫ್ ಸಕ್ಸೆಷನ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಹಿಂದಿನ ಕಾಲದಲ್ಲಿ, ಆಮೇಲೆ ಹುಟ್ಟಿದ ತಮ್ಮ ಈ ಸಾಲಿನಲ್ಲಿ ಅಕ್ಕನನ್ನು ದಾಟಿ ಮುಂದೆ ಹೋಗುತ್ತಿದ್ದ. ‘ಸಕ್ಸೆಷನ್ ಟು ದಿ ಕ್ರೌನ್ ಆ್ಯಕ್ಟ್ 2013’ ಎಂಬ ಕಾಯ್ದೆ ಇದನ್ನು ಬದಲಿಸಿತು. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಅದು ಅನ್ವಯಿಸುತ್ತದೆ. 2018ರಲ್ಲಿ ತಮ್ಮ ಲೂಯಿ ಹುಟ್ಟಿದರೂ ಚಾರ್ಲ್ಸ್ ಅವರ ಮೊಮ್ಮಗಳು ರಾಜಕುಮಾರಿ ಶಾರ್ಲೆಟ್ ತನ್ನ ಸ್ಥಾನದಲ್ಲೇ ಉಳಿದದ್ದು ಅದರಿಂದಲೇ. ಕಾಯ್ದೆಯ ಹೆಸರಿನಲ್ಲೂ ‘ಸಕ್ಸೆಷನ್’ ಪಕ್ಕದಲ್ಲಿ ‘ಟು’ ಬಂದಿರುವುದನ್ನು ಗಮನಿಸಿ.

ವಸ್ತುಗಳಿಗೂ, ಕಾಲಕ್ಕೂ ಈ ಅರ್ಥ ಹೊಂದುತ್ತದೆ: ‘ವಿಂಟರ್ ಈಸ್ ಸಕ್ಸೀಡೆಡ್ ಬೈ ಸ್ಪ್ರಿಂಗ್.’ ಇದು ಬರವಣಿಗೆಯ ಶೈಲಿ. ಮಾತಿನಲ್ಲಿ ‘ಫಾಲೋ’ ಸಾಕು.

ಹೆಜ್ಜೆ 8: ಸೋಲು, ‘ಮ್ಯಾನೇಜ್’ ಮತ್ತು ‘ಕುಡ್’

ನಿಷೇಧದಲ್ಲಿ ‘ಡಿಡ್ ನಾಟ್ ಸಕ್ಸೀಡ್ ಇನ್ ಓಪನಿಂಗ್’ ವ್ಯಾಕರಣಕ್ಕೆ ಸರಿ. ಆದರೆ ‘ಫೇಲ್ಡ್ ಟು ಓಪನ್’ ಅಥವಾ ‘ಕುಡಂಟ್ ಓಪನ್’ ಹೆಚ್ಚು ಸಹಜ. ‘ಫೇಲ್’ಗೆ ‘ಟು’, ‘ಸಕ್ಸೀಡ್’ಗೆ ‘ಇನ್’. ಎದುರುಬದುರು ಪದಗಳಾದರೂ ಅವುಗಳ ಜೊತೆಗಾರರು ಬೇರೆ.

‘ಮ್ಯಾನೇಜ್ಡ್ ಟು ಓಪನ್’ ಅಂದರೆ ಹೇಗೋ ಕಷ್ಟಪಟ್ಟು ತೆರೆದೆ. ದಿನನಿತ್ಯದ ಮಾತಿಗೆ ಇದೇ ಒಳ್ಳೆಯದು. ‘ಸಕ್ಸೀಡೆಡ್ ಇನ್ ಓಪನಿಂಗ್’ ಸ್ವಲ್ಪ ಗಂಭೀರ, ವರದಿಗೆ ಹೊಂದುತ್ತದೆ.

‘ಕುಡ್’ ಬಗ್ಗೆ ಎಚ್ಚರ ಇರಲಿ. ‘ಮೂರನೇ ಸಲಕ್ಕೆ ಬಾಗಿಲು ತೆರೆಯಲು ಸಾಧ್ಯವಾಯಿತು’ ಎಂಬುದಕ್ಕೆ ‘ಆನ್ ದಿ ಥರ್ಡ್ ಟ್ರೈ, ಐ ಕುಡ್ ಓಪನ್ ದಿ ಡೋರ್’ ಸರಿಯಾಗುವುದಿಲ್ಲ. ಹಿಂದೆ ಇದ್ದ ಸಾಮರ್ಥ್ಯಕ್ಕೆ ‘ಕುಡ್’ ಬರುತ್ತದೆ. ಒಂದು ಸಲ ನಿಜವಾಗಿ ಸಾಧಿಸಿದ್ದಕ್ಕೆ ‘ವಾಸ್ ಏಬಲ್ ಟು’, ‘ಮ್ಯಾನೇಜ್ಡ್ ಟು’, ‘ಸಕ್ಸೀಡೆಡ್ ಇನ್’ ಬರಬೇಕು. ಆಗಲಿಲ್ಲ ಎನ್ನುವಾಗ ಮಾತ್ರ ‘ಕುಡಂಟ್’ ಧಾರಾಳವಾಗಿ ಬಳಸಿ. ನೋಡು, ಕೇಳು ಮೊದಲಾದ ಪದಗಳ ಜೊತೆಗೂ ‘ಕುಡ್’ ಬರುತ್ತದೆ: ‘ಐ ಕುಡ್ ಹಿಯರ್ ಅ ವಾಯ್ಸ್.’

ಹೆಜ್ಜೆ 9: ಹೊಗಳಿಕೆಯಂತೆ ಕಾಣುವ ಬೈಗುಳ

‘ಹೀ ಓನ್ಲಿ ಸಕ್ಸೀಡೆಡ್ ಇನ್ ಮೇಕಿಂಗ್ ಹರ್ ಆ್ಯಂಗ್ರಿ.’

ಅವನು ಅವಳನ್ನು ಸಮಾಧಾನ ಮಾಡಲು ಹೋದ. ಅವಳಿಗೆ ಕೋಪ ಬರಿಸಿದ್ದಷ್ಟೇ ಬಂತು. ಉದ್ದೇಶಕ್ಕೆ ವಿರುದ್ಧವಾದದ್ದು ನಡೆದಾಗ ಹೀಗೆ ಹೇಳುತ್ತಾರೆ. ‘ಓನ್ಲಿ’ ಎಂಬ ಪುಟ್ಟ ಪದವೇ ಸುಳಿವು. ಇದನ್ನು ‘ಕೋಪ ಬರಿಸುವಲ್ಲಿ ಯಶಸ್ವಿಯಾದ’ ಎಂದು ಅನುವಾದಿಸಿದರೆ ಅವನು ಬೇಕಂತಲೇ ಮಾಡಿದ ಎಂಬ ಅರ್ಥ ಬರುತ್ತದೆ. ‘ಮಾಡಿದ್ದಷ್ಟೇ ಬಂತು’ ಎಂಬ ನಮ್ಮ ಮಾತೇ ಇದಕ್ಕೆ ಸರಿ.

ಹೆಜ್ಜೆ 10: ಮನೆಮಂದಿಯನ್ನು ಗುರುತಿಸಿ

‘ಸಕ್ಸೆಸ್’ ನಾಮಪದ. ಸಾಮಾನ್ಯವಾಗಿ ಯಶಸ್ಸು ಎನ್ನುವಾಗ ಇದಕ್ಕೆ ‘ಎ’ ಬೇಡ: ‘ಸಕ್ಸೆಸ್ ಟೇಕ್ಸ್ ಟೈಮ್.’ ಯಶಸ್ವಿಯಾದ ಒಂದು ಕೆಲಸ ಅಥವಾ ಒಬ್ಬ ವ್ಯಕ್ತಿ ಎನ್ನುವಾಗ ‘ಎ’ ಬೇಕು: ‘ದಿ ಆಪರೇಷನ್ ವಾಸ್ ಎ ಸಕ್ಸೆಸ್.’ ಮಾತಿನಲ್ಲಿ ನಾವು ‘ಆಪರೇಷನ್ ಸಕ್ಸೆಸ್ ಆಯ್ತು’ ಅನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ಸಾಗಿಸಿ ‘ಬಿಕೇಮ್ ಸಕ್ಸೆಸ್’ ಎಂದು ಬರೆಯಬಾರದು. ‘ಹೀ ಬಿಕೇಮ್ ಸಕ್ಸೆಸ್‌ಫುಲ್’ ಎನ್ನಿ. ಶುಭಾಶಯಕ್ಕೆ ‘ಐ ವಿಶ್ ಯು ಎವ್ರಿ ಸಕ್ಸೆಸ್.’

‘ಸಕ್ಸೆಸ್‌ಫುಲ್’ ಮತ್ತು ‘ಸಕ್ಸೆಸಿವ್’ ಬಹಳ ಜನರನ್ನು ಮೋಸ ಮಾಡುವ ಜೋಡಿ. ಎರಡು ಅರ್ಥಗಳು ಇಲ್ಲಿ ಬೇರೆ ಬೇರೆ ಪದಗಳಾಗಿ ನಿಂತಿವೆ. ‘ಥ್ರೀ ಸಕ್ಸೆಸ್‌ಫುಲ್ ಯಿಯರ್ಸ್’ ಅಂದರೆ ಯಶಸ್ಸು ಕಂಡ ಮೂರು ವರ್ಷ. ‘ಥ್ರೀ ಸಕ್ಸೆಸಿವ್ ಯಿಯರ್ಸ್’ ಅಂದರೆ ಒಂದರ ಹಿಂದೆ ಒಂದು, ಸತತ ಮೂರು ವರ್ಷ. ‘ಥ್ರೀ ಸಕ್ಸೆಸಿವ್ ಡಿಫೀಟ್ಸ್’ ಅಂದರೆ ಸತತ ಮೂರು ಸೋಲು. ಸೋಲಿನ ಪಕ್ಕದಲ್ಲೂ ಈ ಪದ ಕೂರುತ್ತದೆ ಎಂಬುದೇ ಅದರ ಹಳೆಯ ಬೇರಿಗೆ ಸಾಕ್ಷಿ.

‘ಸಕ್ಸೆಸರ್’ ಅಂದರೆ ನಂತರ ಬಂದವರು, ಉತ್ತರಾಧಿಕಾರಿ. ಯಶಸ್ವಿ ವ್ಯಕ್ತಿ ಎಂಬ ಅರ್ಥ ಇದಕ್ಕೆ ಇಲ್ಲವೇ ಇಲ್ಲ. ‘ಇನ್ ಸಕ್ಸೆಷನ್’ ಅಂದರೆ ಸಾಲಾಗಿ.

ಹೆಜ್ಜೆ 11: ಯಾವಾಗ ಬೇರೆ ಪದ ಬೇಕು?

ಇಷ್ಟೆಲ್ಲ ಕಲಿತ ಮೇಲೆ ಎಲ್ಲ ಕಡೆ ‘ಸಕ್ಸೀಡ್’ ತುರುಕುವ ಉತ್ಸಾಹ ಬರುತ್ತದೆ. ಸ್ವಲ್ಪ ತಡೆಯಿರಿ. ಕೆಟ್ಟ ಯಂತ್ರ ಸರಿಹೋದಾಗ ಇಂಗ್ಲಿಷ್ ಮಾತಾಡುವವರು ‘ಇಟ್ ವರ್ಕ್ಡ್!’ ಎಂದು ಕೂಗುತ್ತಾರೆ. ಕಷ್ಟದ ಕೆಲಸ ಮಾಡಿ ಮುಗಿಸಿದಾಗ ‘ವೀ ಡಿಡ್ ಇಟ್!’ ಅಥವಾ ‘ವೀ ಪುಲ್ಡ್ ಇಟ್ ಆಫ್!’ ಎನ್ನುತ್ತಾರೆ. ಗುರಿ ಮುಟ್ಟಿದ್ದಕ್ಕೆ ‘ಅಚೀವ್’ ಇದೆ. ಆದರೆ ಅದಕ್ಕೆ ಕರ್ಮ ಬೇಕು: ‘ಶಿ ಅಚೀವ್ಡ್ ಹರ್ ಗೋಲ್.’

‘ಸಕ್ಸೆಸ್‌ಫುಲಿ ಮ್ಯಾನೇಜ್ಡ್ ಟು’ ಎಂದು ಎರಡೆರಡು ಸಲ ಗೆಲ್ಲಿಸುವುದೂ ಬೇಡ. ‘ಮ್ಯಾನೇಜ್ಡ್’ ಒಳಗೇ ಗೆಲುವು ಇದೆ.

ಗಾದೆಗಳಲ್ಲಿ ಮಾತ್ರ ‘ಸಕ್ಸೀಡ್’ ಜಾಗ ಭದ್ರ. ‘ಇಫ್ ಅಟ್ ಫಸ್ಟ್ ಯು ಡೋಂಟ್ ಸಕ್ಸೀಡ್, ಟ್ರೈ, ಟ್ರೈ ಅಗೇನ್’ ಅಂದರೆ ಮೊದಲ ಸಲ ಆಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸು. ‘ನಥಿಂಗ್ ಸಕ್ಸೀಡ್ಸ್ ಲೈಕ್ ಸಕ್ಸೆಸ್’ ಅಂದರೆ ಒಂದು ಗೆಲುವು ಇನ್ನೊಂದು ಗೆಲುವನ್ನು ತಾನೇ ಕರೆದುಕೊಂಡು ಬರುತ್ತದೆ.

ಹೆಜ್ಜೆ 12: ನೀವೇ ಮಾಡಿ ನೋಡಿ

ಕೆಳಗಿನ ಆರು ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ. ಹಾಳೆಯ ಮೇಲೆ ಬರೆದೇ ಮಾಡಿ, ಸುಮ್ನೆ ಮನಸ್ಸಿನಲ್ಲಿ ಹೇಳಿಕೊಂಡರೆ ‘ಇನ್’, ‘ಎ’ ಇಂಥ ಚಿಕ್ಕ ಪದಗಳು ಜಾರಿಹೋಗುತ್ತವೆ.

1. ಕಳೆದುಹೋದ ಕೀ ಹುಡುಕುವಲ್ಲಿ ಅವಳು ಯಶಸ್ವಿಯಾದಳು.
2. ಅವರ ಪ್ರಯತ್ನ ಫಲಿಸಲಿಲ್ಲ.
3. ಮ್ಯಾನೇಜರ್ ಆಗಿ ಅವರ ಜಾಗಕ್ಕೆ ಯಾರು ಬರುತ್ತಾರೆ?
4. ಸತತ ನಾಲ್ಕು ದಿನ ಮಳೆ ಬಂತು.
5. ಶಿಕ್ಷಕನಾಗಿ ಅವನು ಯಶಸ್ವಿಯಾದ.
6. ಅವನು ಸಮಸ್ಯೆಯನ್ನು ಇನ್ನೂ ಜಾಸ್ತಿ ಮಾಡಿದ್ದಷ್ಟೇ ಬಂತು.

ಈಗ ಉತ್ತರ ನೋಡಿ. ಮೊದಲನೆಯದು: ‘ಶಿ ಸಕ್ಸೀಡೆಡ್ ಇನ್ ಫೈಂಡಿಂಗ್ ದಿ ಲಾಸ್ಟ್ ಕೀ.’ ಎರಡನೆಯದು: ‘ದೇರ್ ಅಟೆಂಪ್ಟ್ ಡಿಡ್ ನಾಟ್ ಸಕ್ಸೀಡ್.’ ಇಲ್ಲಿ ‘ವಾಸ್ ನಾಟ್ ಸಕ್ಸೀಡೆಡ್’ ಎಂದು ಬರೆದಿದ್ದರೆ ಆರನೇ ಹೆಜ್ಜೆಗೆ ಮರಳಿ. ಮೂರನೆಯದು: ‘ಹೂ ವಿಲ್ ಸಕ್ಸೀಡ್ ಹಿಮ್ ಆ್ಯಸ್ ಮ್ಯಾನೇಜರ್?’ ನಾಲ್ಕನೆಯದು: ‘ಇಟ್ ರೇನ್ಡ್ ಫಾರ್ ಫೋರ್ ಸಕ್ಸೆಸಿವ್ ಡೇಸ್.’ ಐದನೆಯದು: ‘ಹೀ ಸಕ್ಸೀಡೆಡ್ ಆ್ಯಸ್ ಎ ಟೀಚರ್.’ ಆರನೆಯದು: ‘ಹೀ ಓನ್ಲಿ ಸಕ್ಸೀಡೆಡ್ ಇನ್ ಮೇಕಿಂಗ್ ದಿ ಪ್ರಾಬ್ಲಮ್ ವರ್ಸ್.’

ಮೂರನೆಯ ಮತ್ತು ಐದನೆಯ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿ. ಎರಡರಲ್ಲೂ ‘ಆಗಿ’ ಇದೆ, ಎರಡರಲ್ಲೂ ‘ಆ್ಯಸ್’ ಇದೆ. ಒಂದರಲ್ಲಿ ‘ಹಿಮ್’ ಇರುವುದರಿಂದ ಜಾಗಕ್ಕೆ ಬರುವ ಅರ್ಥ ಬಂತು. ಇನ್ನೊಂದರಲ್ಲಿ ಅದು ಇಲ್ಲದ್ದರಿಂದ ಯಶಸ್ಸಿನ ಅರ್ಥ ಬಂತು. ಐದನೆಯ ವಾಕ್ಯದಲ್ಲಿ ಮೈಮರೆತು ‘ಎ’ ಬಿಟ್ಟವರು ಅದನ್ನು ಈಗಲೇ ಸೇರಿಸಿಬಿಡಿ.